ಯಾಪಲದಿನ್ನಿಯಿಂದ ಗಾಂಧಿನಗರಕ್ಕೆ ಒಂದು ಲಕೋಟೆ!

ಗೆಳೆಯರೇ, ಬಸ್‌ಸ್ಟ್ಯಾಂಡಿನಲ್ಲಿ ಸಿನಿಮಾ ಪತ್ರಿಕೆ ಕೊಂಡು, ಬಸ್ಸು ಬರುವುದರೊಳಗೆ ಓದಿ ಮುಗಿಸಿ, "ಇಷ್ಟನ್ನ ನಾನೂ ಬರೀತಿದ್ದೆ ಬಿಡು" ಅಂದವರು ನಿಮ್ಮಲ್ಲಿ ಎಷ್ಟು ಮಂದಿ? ಕೈ ಎತ್ತಿ ನೋಡೋಣ! ಮೊದಲು ಮೇಲೇಳುವುದು ನನ್ನ ಕೈಯೇ. ಹಾಗೆ ಅಂದುಕೊಂಡೇ ಈ ಉಸಾಬರಿಗೆ ಬಿದ್ದವನು ನಾನು.

ನಮ್ಮೂರು ರಾಯಚೂರು ಕಡೆಯ ಯಾಪಲದಿನ್ನಿ. ಎನ್.ಟಿ.ಆರ್. ಪಿಕ್ಚರಿಗೂ ಶಿಳ್ಳೆ, ಅಣ್ಣಾವ್ರ ಪಿಕ್ಚರಿಗೂ ಶಿಳ್ಳೆ ಹೊಡೆಯುವ ಸೀಮೆ. 1984ರಲ್ಲಿ ತೆರೆಕಂಡ 'ಬಂಧನ' ರಾಯಚೂರಿಗೆ ಬಂದಾಗ ಮೂರು ಸಲ ನೋಡಿದೆ. ರಾತ್ರಿಯೆಲ್ಲ ಕೂತು ಹನ್ನೆರಡು ಪುಟ ಬರೆದೆ. "ಅಮೋಘ ಅಭಿನಯ", "ಮನಮುಟ್ಟುವ ಸಂಗೀತ"... ಇಂಥ ಮಾತೇ ಎಲ್ಲ. ಬೆಂಗಳೂರಿನ ಒಂದು ಪತ್ರಿಕೆಗೆ ಅಂಚೆಗೆ ಹಾಕಿದೆ. ತಿಂಗಳಲ್ಲಿ ಲಕೋಟೆ ವಾಪಸ್ಸು! ಮೂಲೆಯಲ್ಲಿ ಕೆಂಪು ಶಾಯಿಯ ಒಂದೇ ಸಾಲು: "ಚಿತ್ರ ನಾವೂ ನೋಡಿದ್ದೇವೆ. ನೀವು ಮಾತ್ರ ನೋಡಿದ್ದನ್ನು ಬರೆಯಿರಿ."

ಸಿಟ್ಟು ಬಂತು. ಎರಡು ದಿನ ಕಳೆದ ಮೇಲೆ ನೆನಪಾಯಿತು. ಚಿತ್ರಮಂದಿರದಲ್ಲಿ ನನ್ನ ಪಕ್ಕ ಕೂತಿದ್ದ ಮುದುಕಿಗೆ ತೆಲುಗು ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಆದರೂ ವಿಷ್ಣುವರ್ಧನರ ಡಾಕ್ಟರ್ ಹರೀಶನನ್ನು ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನೇ ಮೂರು ಪುಟ ಬರೆದು ಕಳಿಸಿದೆ. ಅಚ್ಚಾಯಿತು, ಹೆಸರಿನ ಸಮೇತ!

ಅಪ್ಪ ಹತ್ತಿ ಹೊಲದಿಂದ ಬಂದವರು ಪತ್ರಿಕೆ ತಿರುವಿ ನೋಡಿ ಕೇಳಿದರು: "ಹೆಸರು ಬಂತು, ಖರೆ. ರೊಕ್ಕ ಎಲ್ಲದ?"

ರೊಕ್ಕ ಬರಲಿಲ್ಲ. ಬಂದದ್ದು ಇನ್ನೊಂದು ಪತ್ರಿಕೆಯಿಂದ ಕಾಗದ. ಒಬ್ಬ ಜನಪ್ರಿಯ ನಾಯಕನಟರ ಸಂದರ್ಶನ ಬೇಕಂತೆ. ಭೇಟಿ ಮಾಡುವ ಅಗತ್ಯವಿಲ್ಲ, ಹಳೆಯ ಸಂಚಿಕೆಗಳನ್ನು ನೋಡಿ "ಮಾತಾಡಿಸಿದ ಹಾಗೆ" ಬರೆದರೆ ಸಾಕು, ಎಪ್ಪತ್ತೈದು ರೂಪಾಯಿ! ಆ ವರ್ಷ ಮಳೆ ಕೈಕೊಟ್ಟಿತ್ತು. ಮನೆಯಲ್ಲಿ ಸಾಲ. ನಾನು ಬರೆದುಬಿಟ್ಟೆ. ಅವರು ನಕ್ಕರು, ಚಹಾ ತರಿಸಿದರು, ಹೆಗಲ ಮೇಲೆ ಕೈ ಹಾಕಿದರು... ಎಲ್ಲ ನನ್ನದೇ ಕಲ್ಪನೆ.

ಮನಿಯಾರ್ಡರ್ ಬಂತು. ಊರಿನಲ್ಲಿ ನಾನೇ ಹೀರೋ! ಒಂದು ಸಂಜೆ ಕಟ್ಟೆಯ ಹತ್ತಿರ ಏಳನೇ ಇಯತ್ತೆಯ ಹುಡುಗ ಬಂದು ಮಡಚಿದ ಚೀಟಿಯೊಂದನ್ನು ಕೈಗಿಟ್ಟ. "ಅಣ್ಣಾ, ಮುಂದಿನ ಸಲ ಅವರ ಮನಿಗಿ ಹೋದಾಗ ಇದನ್ನ ಕೊಡ್ತೀಯೇನು? ನಮ್ಮಪ್ಪ ತೀರಿಕೊಂಡಾನ ಅಂತ ಬರದೀನಿ. ಅವರು ನಿಂಗ ಚಹಾ ಕೊಟ್ಟಾರಂದ್ರ, ನಂಗೂ ಒಂದು ಉತ್ತರ ಬರೀತಾರ."

ಏನು ಹೇಳಲಿ? ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಅವನನ್ನು ಕರೆದು, "ನಾ ಅವರನ್ನ ನೋಡೇ ಇಲ್ಲಪ್ಪಾ, ಎಲ್ಲ ಸುಳ್ಳು ಬರದೀನಿ" ಅಂದೆ. ಹುಡುಗ ಚೀಟಿ ಕಿಸೆಗಿಟ್ಟುಕೊಂಡು ಸುಮ್ಮನೆ ಹೋದ. ಆಮೇಲೆ ನನ್ನನ್ನು ಅಣ್ಣಾ ಅಂತ ಕರೆಯಲೇ ಇಲ್ಲ. ಎಪ್ಪತ್ತೈದು ರೂಪಾಯಿ ಸಾಲಕ್ಕೆ ಹೋಯಿತು. ಅದು ಮಾತ್ರ ಇನ್ನೂ ತೀರಿಲ್ಲ.

ಹಾಗಂತ ಸಿನಿಮಾ ಬರವಣಿಗೆ ಸಣ್ಣ ಕೆಲಸವಲ್ಲ, ತಿಳಿದಿರಲಿ. 'ಪಲ್ಲವಿ'ಗೆ ಶ್ರೇಷ್ಠ ನಿರ್ದೇಶಕ ಎಂಬ ರಾಷ್ಟ್ರಪ್ರಶಸ್ತಿ ಪಡೆದ ಪಿ. ಲಂಕೇಶರೇ 1980ರಲ್ಲಿ ತಮ್ಮ ವಾರಪತ್ರಿಕೆ ಆರಂಭಿಸಿದ್ದು. ಕೆ. ಪುಟ್ಟಸ್ವಾಮಿಯವರ 'ಸಿನಿಮಾ ಯಾನ' ರಾಷ್ಟ್ರಪ್ರಶಸ್ತಿ ಪಡೆದ ಕನ್ನಡ ಪುಸ್ತಕ. ನಮ್ಮ ರಾಯಚೂರೇನು ಕಡಿಮೆಯೇ? ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ಬಂದ 1934ರಲ್ಲೇ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಇಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. 2016ರಲ್ಲಿ ಮತ್ತೆ ನಡೆದಾಗ ಅಧ್ಯಕ್ಷರು ಬರಗೂರು ರಾಮಚಂದ್ರಪ್ಪ. ಸಾಹಿತಿಯೂ ಹೌದು, ಚಿತ್ರ ನಿರ್ದೇಶಕರೂ ಹೌದು!

ಈಗ ಬರೆಯಲು ಹೊರಟ ತಮ್ಮಂದಿರಿಗೆ ನಾಲ್ಕು ಮಾತು.

ಒಂದು: ಮೊದಲು ನಿಮ್ಮ ಜಿಲ್ಲೆಯ ಪತ್ರಿಕೆಯ ಬಾಗಿಲು ತಟ್ಟಿ. ದೇವದುರ್ಗದಲ್ಲೋ ಮಾನ್ವಿಯಲ್ಲೋ ಹಳೆಯ ಟಾಕೀಸಿನಲ್ಲಿ ರೀಲು ತಿರುಗಿಸಿದ ಆಪರೇಟರ್ ಇದ್ದರೆ ಹೋಗಿ ಮಾತಾಡಿಸಿ. ಆ ಕಥೆ ಗಾಂಧಿನಗರದವರ ಹತ್ತಿರ ಇರುವುದಿಲ್ಲ.

ಎರಡು: ಇಡೀ ಲೇಖನ ಕಳಿಸುವ ಮುಂಚೆ ವಿಷಯವನ್ನು ಐದು ಸಾಲಿನಲ್ಲಿ ಬರೆದು ಕೇಳಿ. ಎಷ್ಟು ಪದ, ಯಾವ ದಿನದೊಳಗೆ, ಸಂಭಾವನೆ ಎಷ್ಟು ಎಂದು ಆಗಲೇ ಕೇಳಿಬಿಡಿ. ಕೇಳಲು ನಾಚಿಕೆ ಬೇಡ. ಅಂದು ನಾನು ಹಾಳೆಯ ಒಂದೇ ಮಗ್ಗುಲಿಗೆ ಬರೆದು, ಸ್ಟಾಂಪು ಹಚ್ಚಿದ ಮರುಲಕೋಟೆ ಇಡುತ್ತಿದ್ದೆ. ಇಂದು ಮೊಬೈಲಿನಲ್ಲೇ ಟೈಪು ಮಾಡಿ ಇ-ಮೇಲ್ ಮಾಡಬಹುದು. ಆದರೆ ಒಂದು ಪ್ರತಿ ನಿಮ್ಮ ಹತ್ತಿರ ಇರಲೇಬೇಕು.

ಮೂರು: 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ನೌಕರಿಯಲ್ಲಿಲ್ಲದೆ ಹೊರಗಿನಿಂದ ಬರೆದುಕೊಡುವ ಲೇಖನದ ಮೊದಲ ಹಕ್ಕುದಾರ ಬರೆದವನೇ. ಹಕ್ಕು ಬಿಟ್ಟುಕೊಡುವುದಾದರೆ ಬರಹದಲ್ಲಿ, ಸಹಿ ಸಮೇತ ಇರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೇ ಲೆಕ್ಕ. ಓದದೆ ಸಹಿ ಹಾಕಬೇಡಿ.

ನಾಲ್ಕು: ಮೊದಲ ದಿನವೇ ಹೊಲ, ಅಂಗಡಿ, ನೌಕರಿ ಬಿಡಬೇಡಿ. ನಾನೂ ಹತ್ತಿ ಬಿಡಿಸುತ್ತಲೇ ಬರೆದವನು.

ಕೊನೆಗೆ ಒಂದು ಮಾತು. ನೋಡದವರನ್ನು ನೋಡಿದೆ ಅಂತ ಬರೆಯಬೇಡಿ. ನೀವು ಬರೆದದ್ದನ್ನು ನಂಬಿ, ಯಾವುದೋ ಊರಿನ ಕಟ್ಟೆಯ ಮೇಲೆ ಚೀಟಿ ಹಿಡಿದು ಕಾಯುವ ಹುಡುಗ ಒಬ್ಬ ಇದ್ದೇ ಇರುತ್ತಾನೆ.

ಅಗೋ, ನಿಮ್ಮ ಬಸ್ಸು ಬಂತು. ಹತ್ತಿ ಕೂತು, ಪೆನ್ನು ತೆಗೀರಿ!