ಮಾಪಕವೇ ಹುಟ್ಟಿಸುವ ಗದ್ದಲ

ಪ್ರಶ್ನೆ: ವಿದ್ಯುತ್ ಉಪಕರಣಗಳು ಹೊರಸೂಸುವ ರೇಡಿಯೋ ಗದ್ದಲವನ್ನು ಅಳೆಯುವ ಗ್ರಾಹಕಯಂತ್ರವು, ಇಲ್ಲದ ಸಂಕೇತವನ್ನು ತೋರಿಸಬಲ್ಲುದೆ?
— ಓದುಗರು, ಗೋಕಾಕ

ಉತ್ತರ: ಧಾರಾಳವಾಗಿ ತೋರಿಸಬಲ್ಲುದು. ಘಟಪ್ರಭೆಗೆ ಮಹಾಪೂರ ಬಂದಾಗ ಗೋಕಾಕ ಜಲಪಾತದ ದಂಡೆಯಲ್ಲಿ ನಿಂತವನಿಗೆ ಪಕ್ಕದವನ ಪಿಸುಮಾತು ಕೇಳಿಸದಿರುವಂತೆ, ಪ್ರಬಲ ಸಂಕೇತವೊಂದು ಹೊಕ್ಕೊಡನೆ ಗ್ರಾಹಕದ ಪ್ರಥಮ ಹಂತವೂ ಕಿವುಡಾಗುವುದು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಅದು ಅನೃತವನ್ನೂ ನುಡಿಯುತ್ತದೆ. 765 ಕಿಲೋಹರ್ಟ್ಸಿನ ಧಾರವಾಡ ಆಕಾಶವಾಣಿಯ ಅಲೆಗಳು, ಬಯಲಿನಲ್ಲಿಟ್ಟ ಗ್ರಾಹಕವನ್ನು ಮಿತಿಮೀರಿ ಪ್ರವೇಶಿಸಿದುವಾದರೆ, ಆ ಯಂತ್ರದ ಒಡಲಿನೊಳಗೇ 1530 ಕಿಲೋಹರ್ಟ್ಸಿನ ದ್ವಿಗುಣ ಸಂಕೇತವೊಂದು ಜನಿಸಿ, ಪರೀಕ್ಷೆಗೊಳಗಾದ ನಿರಪರಾಧಿ ನೀರೆತ್ತುವ ಪಂಪಿನ ತಲೆಗೆ ಅಪವಾದವು ಬಂದೀತು. ಮೋಟಾರಿನ ಕಿಡಿಗಳಿಂದೇಳುವ ಕ್ಷಣಿಕ ಸ್ಪಂದನಗಳು ಇನ್ನೂ ಕಪಟಿಗಳು: ಅವುಗಳ ಶಕ್ತಿಯು ವಿಶಾಲವಾದ ಆವೃತ್ತಿಪಟ್ಟಿಯಲ್ಲಿ ಹರಡಿರುವುದರಿಂದ, ಮುಳ್ಳು ಅಲ್ಪವನ್ನೇ ಸೂಚಿಸುತ್ತಿರುವಾಗಲೂ ಪ್ರಥಮ ಹಂತವು ಅತಿಭಾರದಿಂದ ಬಳಲುತ್ತಿರಬಹುದು.

ಸತ್ಯಾಸತ್ಯ ವಿವೇಚನೆಗೆ ಸುಲಭೋಪಾಯವುಂಟು. ಗ್ರಾಹಕದ ದ್ವಾರದಲ್ಲಿ 10 ಡೆಸಿಬೆಲ್ಲಿನ ಕ್ಷೀಣಕವನ್ನಿಟ್ಟಾಗ ನಿಜವಾದ ಸಂಕೇತವು ಅಷ್ಟೇ ಇಳಿಯುವುದು. ಯಂತ್ರಜನ್ಯವಾದ ದ್ವಿಗುಣ ಸಂಕೇತವಾದರೋ ಸುಮಾರು 20 ಡೆಸಿಬೆಲ್ ಕುಸಿಯುವುದು. ಅನಪೇಕ್ಷಿತ ಆವೃತ್ತಿಗಳನ್ನು ಮೊದಲೇ ತಡೆಯುವ ಪೂರ್ವಶೋಧಕವಿದ್ದರಂತೂ ಉತ್ತಮ. ಈ ಕ್ಷೀಣಕ ಪರೀಕ್ಷೆಯನ್ನು ನಡೆಸದೆ ಬರೆದ ವರದಿಯನ್ನು ತಾವು ಒಪ್ಪಬೇಕಾಗಿಲ್ಲ.