ದುರ್ಬೀನಿನ ಕೆಂಪು ಚುಕ್ಕೆ ಎರಡಾಗಿ ಕಂಡರೆ

ಕಾಡುಹಂದಿಯ ಹಾವಳಿಯ ಬಗ್ಗೆ ಕಾಸರಗೋಡು, ವಯನಾಡು ಕಡೆಯ ಕೃಷಿಕರಿಗೆ ನಾವು ಹೇಳಬೇಕಾದುದೇನೂ ಇಲ್ಲ. ಮರಗೆಣಸು, ಬಾಳೆ, ಸುವರ್ಣಗೆಡ್ಡೆ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗುತ್ತವೆ. ಬೆಳೆ ಹಾಳುಮಾಡುವ ಹಂದಿಯನ್ನು ಪರವಾನಿಗೆ ಇರುವ ಕೋವಿಯಿಂದ ಕೊಲ್ಲಿಸಲು ಅನುಮತಿ ಕೊಡುವ ಅಧಿಕಾರವನ್ನು 2022ರಲ್ಲಿ ಕೇರಳ ಸರಕಾರವು ಪಂಚಾಯತಿನ ಮುಖ್ಯಸ್ಥರಿಗೂ ನೀಡಿತು. ಹೀಗೆ ಅನುಮತಿ ಪಡೆದು ಮುಸ್ಸಂಜೆಗೆ ಹೊರಡುವವರ ರೈಫಲಿನ ಮೇಲೆ ಬೆಳಕಿನ ದುರ್ಬೀನು, ಅಂದರೆ ಸ್ಕೋಪ್ ಇದ್ದರೆ, ಅದರ ಒಂದು ತೊಂದರೆಯನ್ನು ತಿಳಿದಿರುವುದು ಒಳ್ಳೆಯದು.

ಸ್ಕೋಪಿನೊಳಗೆ ಅಡ್ಡ-ಉದ್ದ ಗೆರೆಗಳೂ ನಡುವೆ ಹೊಳೆಯುವ ಕೆಂಪು ಚುಕ್ಕೆಯೂ ಇರುತ್ತವೆ. ಕೆಲವರಿಗೆ ಆ ಚುಕ್ಕೆ ಮಸುಕಾಗಿಯೋ, ಬಾಲ ಬಂದ ನಕ್ಷತ್ರದಂತೆಯೋ, ಎರಡಾಗಿಯೋ ಕಾಣುತ್ತದೆ. ಕೂಡಲೇ ಬ್ಯಾಟರಿ ಬದಲಾಯಿಸುತ್ತಾರೆ. ಬ್ಯಾಟರಿ ಸೋತರೆ ಚುಕ್ಕೆ ಮಂಕಾದೀತೇ ಹೊರತು ಎರಡಾಗದು. ಆಮೇಲೆ ಸ್ಕೋಪನ್ನೇ ದೂರುತ್ತಾರೆ. ಅನೇಕ ವೇಳೆ ದೋಷ ಇರುವುದು ಸ್ಕೋಪಿನಲ್ಲಲ್ಲ, ಕಣ್ಣಿನಲ್ಲಿ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಮೊದಲು ಕೋವಿಯ ಗುಂಡು ತೆಗೆದು, ಖಾಲಿಯೆಂದು ಎರಡು ಸಲ ನೋಡಿಕೊಳ್ಳಿ. ಗಾಜಿನ ಮೇಲಿನ ಧೂಳು, ಮಂಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಬೆಳಕನ್ನು ಅತಿ ಕಡಿಮೆಗೆ ಇಳಿಸಿ. ಕತ್ತಲೆಯಲ್ಲಿ ಬೆಳಕು ಹೆಚ್ಚಾದರೆ ಒಳ್ಳೆಯ ಕಣ್ಣಿಗೂ ಚುಕ್ಕೆ ಹರಡಿದಂತೆ ಕಾಣುತ್ತದೆ. ಬಳಿಕ ಹಗಲಿನಲ್ಲಿ ಬರಿಯ ಆಕಾಶದ ಕಡೆ, ಸೂರ್ಯನತ್ತ ಮಾತ್ರ ಖಂಡಿತ ಬೇಡ, ಎರಡು-ಮೂರು ಸೆಕೆಂಡು ನೋಡಿ, ಕಣ್ಣು ತೆಗೆದು, ಕಣ್ಣಿನ ಬದಿಯ ಬಳೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಗೆರೆಗಳು ನೋಡಿದ ಕ್ಷಣದಲ್ಲೇ ಸ್ಪಷ್ಟವಾಗಿರಬೇಕು. ಬಹಳ ಹೊತ್ತು ನೋಡುತ್ತಾ ಕುಳಿತರೆ ಕಣ್ಣೇ ಮಸುಕಿಗೆ ಹೊಂದಿಕೊಂಡುಬಿಡುತ್ತದೆ.

ಇಷ್ಟಾದರೂ ಚುಕ್ಕೆಗೆ ಬಾಲ ಉಳಿದಿದ್ದರೆ, ಕೋವಿಯನ್ನು ಕದಲಿಸದೆ ತಲೆಯನ್ನು ಮಾತ್ರ ಓರೆಮಾಡಿ ನೋಡಿ. ತಲೆಯೊಂದಿಗೆ ಬಾಲವೂ ತಿರುಗಿದರೆ ದೋಷ ಕಣ್ಣಿನದು. ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ ಅದರ ಮೂಲಕ ನೋಡಿದಾಗ ಚುಕ್ಕೆ ಒಂದೇ ಆದರೂ ಅದೇ ಅರ್ಥ. ಮೊಬೈಲಿನಿಂದ ತೆಗೆದ ಚಿತ್ರದಲ್ಲಿಯೂ ಚುಕ್ಕೆ ಒಡೆದಿದ್ದರೆ, ಅಥವಾ ಗಾಜಿನ ಒಳಗಡೆ ತೇವ ಕಟ್ಟಿದ್ದರೆ, ಆಗ ಸ್ಕೋಪ್ ದುರಸ್ತಿಗೆ ಹೋಗಲಿ. ಮನೆಯಲ್ಲಿ ಬಿಚ್ಚಬೇಡಿ, ಒಳಗಿನ ಒಣ ಅನಿಲ ಹೊರಟುಹೋದರೆ ಮಳೆಗಾಲದಲ್ಲಿ ಅದು ಕೆಲಸಕ್ಕೆ ಬಾರದು.

ಕಣ್ಣಿನ ಈ ದೋಷದ ಹೆಸರು ಅಸ್ಟಿಗ್ಮಾಟಿಸಂ. ಕಣ್ಣಿನ ಮುಂದಿನ ಪಟಲ ಚೆಂಡಿನಂತೆ ಸಮನಾಗಿ ಗುಂಡಗಿರದೆ ಚಮಚದ ಬೆನ್ನಿನಂತಿದ್ದರೆ ಬೆಳಕು ಒಂದೇ ಬಿಂದುವಿಗೆ ಸೇರುವುದಿಲ್ಲ. ಕನ್ನಡಕದ ಚೀಟಿಯಲ್ಲಿ 'ಸಿಲಿಂಡರ್' ಎಂದು ಬರೆಯುವುದು ಇದನ್ನೇ. ಸ್ಕೋಪಿನ ಬಳೆ ಸಮೀಪದೃಷ್ಟಿ, ದೂರದೃಷ್ಟಿಗಳ ವ್ಯತ್ಯಾಸವನ್ನು ತುಂಬೀತು, ಸಿಲಿಂಡರನ್ನು ತುಂಬಲಾರದು. ಆದುದರಿಂದ ಕನ್ನಡಕ ಹಾಕಿಕೊಂಡೇ, ಅದರ ಮೇಲ್ಭಾಗದಿಂದ ನೋಡಬೇಕು. ಕೆಳಗಿನ ಓದುವ ಭಾಗದಿಂದಲ್ಲ. ಹಗಲಲ್ಲಿ ಪಾಪೆ ಕಿರಿದಾಗಿ ದೋಷ ಮರೆಯಾಗುತ್ತದೆ, ಕತ್ತಲಲ್ಲಿ ಅದು ಅಗಲವಾಗಿ ದೋಷ ಹೊರಬೀಳುತ್ತದೆ. 'ಮಧ್ಯಾಹ್ನ ಸರಿಯಿತ್ತಲ್ಲ' ಎನ್ನುವವರಿಗೆ ಇದೇ ಉತ್ತರ.

ಐವತ್ತು ದಾಟಿದವರಲ್ಲಿ ಇನ್ನೊಂದು ಕಾರಣವಿದೆ: ಕಣ್ಣಿನ ಪೊರೆ. ಒಂದೇ ಕಣ್ಣಿನಿಂದ ನೋಡಿದಾಗಲೂ ಚಂದ್ರ ಎರಡಾಗಿ ಕಾಣುವುದು, ಎದುರು ಬರುವ ವಾಹನದ ದೀಪ ಚದರುವುದು ಅದರ ಲಕ್ಷಣಗಳು. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಏರಿಳಿದಂತೆ ದೃಷ್ಟಿಯೂ ಬದಲಾಗುತ್ತದೆ. ಅಂಥವರು ಸಕ್ಕರೆ ಹತೋಟಿಗೆ ಬಂದ ಮೇಲೆಯೇ ಕನ್ನಡಕದ ಅಳತೆ ಕೊಡುವುದು ಲೇಸು. ಪರೀಕ್ಷೆ ಆಗುವ ತನಕ ಕೋವಿ ಮನೆಯಲ್ಲಿರಲಿ. ಮುಸ್ಸಂಜೆಯಲ್ಲಿ ಪೊದೆಯ ಹಿಂದೆ ಇರುವುದು ಹಂದಿಯೋ, ನೆರೆಮನೆಯ ದನವೋ, ಸೌದೆಗೆ ಹೋದವರೋ ಎಂಬುದು ಎರಡು ಚುಕ್ಕೆ ಕಾಣುವ ಕಣ್ಣಿಗೆ ತಿಳಿಯದು.

ಎರಡೂ ಕಣ್ಣು ತೆರೆದಾಗ ಮಾತ್ರ ಎಲ್ಲವೂ ಎರಡಾಗಿ ಕಂಡು, ಒಂದನ್ನು ಮುಚ್ಚಿದರೆ ಸರಿಯಾಗುವುದಾದರೆ ಅದು ಬೇರೆಯೇ ವಿಷಯ. ಅದು ಹಠಾತ್ತನೆ ಶುರುವಾದರೆ, ಅದರಲ್ಲೂ ರೆಪ್ಪೆ ಜೋತು, ಮಾತು ತೊದಲಿ, ತಲೆನೋವು ಬಂದರೆ, ಬೆಳಗಾಗಲೆಂದು ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.