ಕೆಲಸ ಕಲಿತಾನ, ಕಾಗದ ಇಲ್ಲ!

ವಳಕಮದಿನ್ನಿಯಂಥ ಊರುಗಳಿಂದ ಬೆಳಗಿನ ಬಸ್ಸು ಹತ್ತುವ ಹುಡುಗರೆಲ್ಲ ಕಾಲೇಜಿಗೆ ಹೊರಟವರಲ್ಲ. ಕೆಲವರ ಕೈಯಲ್ಲಿ ಪುಸ್ತಕ ಇರುತ್ತದೆ, ಕೆಲವರ ಕೈಯಲ್ಲಿ ರೊಟ್ಟಿ ಗಂಟು ಮಾತ್ರ. ಈ ರೊಟ್ಟಿ ಗಂಟಿನವರು ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲಿ ಇಳಿದು ಹೋಗುವುದು ಟ್ರ್ಯಾಕ್ಟರ್ ಗ್ಯಾರೇಜಿಗೆ, ಮೋಟರ್ ರಿವೈಂಡಿಂಗ್ ಅಂಗಡಿಗೆ, ವೆಲ್ಡಿಂಗ್ ಶೆಡ್ಡಿಗೆ. "ಏನೋ ತಮ್ಮಾ, ಏನ್ ಮಾಡ್ತಿ?" ಅಂತ ಕೇಳಿದರೆ ಉತ್ತರ ಒಂದೇ: "ಕೆಲಸ ಕಲೀಲಿಕ್ಹತ್ತೀನ್ರಿ."

ಮೂರು ವರ್ಷ ಕಳೆಯಿತೆಂದರೆ ಹುಡುಗನಿಗೆ ಇಂಜಿನ್ ಬಿಚ್ಚಿ ಜೋಡಿಸುವುದು ಬರುತ್ತದೆ. ಶಬ್ದ ಕೇಳಿಯೇ "ನಾಜಲ್ ಕೆಟ್ಟೈತಿ" ಅಂದುಬಿಡುತ್ತಾನೆ. ಆದರೆ ಸಾರಿಗೆ ಸಂಸ್ಥೆಯವರು ಮೆಕ್ಯಾನಿಕ್ ಬೇಕೆಂದು ಜಾಹೀರಾತು ಹಾಕಿದಾಗ, ಹಟ್ಟಿ ಚಿನ್ನದ ಗಣಿಯವರು ಫಿಟ್ಟರ್ ಕರೆದಾಗ, ಅವನ ಬಳಿ ತೋರಿಸಲು ಏನೂ ಇಲ್ಲ. ಸಾವುಕಾರ ಕೊಟ್ಟದ್ದು ಬಸ್ ಚಾರ್ಜು, ಮಧ್ಯಾಹ್ನದ ಊಟ, ದೀಪಾವಳಿಗೆ ಒಂದು ಜೊತೆ ಬಟ್ಟೆ. ವಿದ್ಯೆ ಕೈಯಲ್ಲಿದೆ, ಕಾಗದ ಮಾತ್ರ ಇಲ್ಲ.

ಈ ಕಾಗದ ಕೊಡಿಸುವ ಕಾನೂನು ನಿನ್ನೆ ಮೊನ್ನೆಯದಲ್ಲ. ಕಂಪನಿ ಸರಕಾರದ ಕಾಲಕ್ಕೇ, 1850ರಲ್ಲಿ, ಒಂದು ಅಪ್ರೆಂಟಿಸ್ ಕಾನೂನು ಬಂದಿತ್ತು. ಹತ್ತು ವರ್ಷ ದಾಟಿದ ಮಕ್ಕಳನ್ನು ಏಳು ವರ್ಷದವರೆಗೆ ಒಬ್ಬ ಕಸುಬಿನವನ ಕೈಗೆ ಒಪ್ಪಿಸುವ ಕಾನೂನದು. ಮುಖ್ಯವಾಗಿ ಅನಾಥ ಮಕ್ಕಳಿಗಾಗಿ ಮಾಡಿದ್ದು. ಸ್ವತಂತ್ರ ಭಾರತದ ಅಪ್ರೆಂಟಿಸ್ ಕಾಯ್ದೆ 1961ರದು, ಜಾರಿಗೆ ಬಂದದ್ದು 1962ರ ಮಾರ್ಚ್ 1ರಂದು. 1975ರ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲೂ ಅಪ್ರೆಂಟಿಸ್ ತರಬೇತಿಗೆ ಜಾಗ ಸಿಕ್ಕಿತ್ತು. ಸರಕಾರಿ ಕಾಗದಗಳಲ್ಲಿ ಇವನನ್ನು 'ಶಿಶಿಕ್ಷು' ಎನ್ನುತ್ತಾರೆ. ನಾಲಿಗೆ ಹೊರಳದ ಈ ಶಬ್ದವನ್ನು ಎಷ್ಟೋ ಕಚೇರಿಗಳೇ 'ಶಿಶುಕ್ಷು' ಎಂದು ಬರೆದು ಮೀಸೆ ಬಂದ ಹುಡುಗನನ್ನು ಶಿಶು ಮಾಡಿಬಿಟ್ಟಿವೆ! ಅದೇನೇ ಇರಲಿ, ಜನರ ಬಾಯಲ್ಲಿ ಅಪ್ರೆಂಟಿಸ್ ಎಂಬ ಮಾತೇ ಉಳಿದಿದೆ.

ಹಟ್ಟಿ ಗಣಿ, ಶಕ್ತಿನಗರದ ಶಾಖೋತ್ಪನ್ನ ಕೇಂದ್ರ, ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದಂಥ ದೊಡ್ಡವರಿಗೆ ಈ ಕಾಯ್ದೆಯನ್ನು ಯಾರೂ ಪಾಠ ಹೇಳಬೇಕಾಗಿಲ್ಲ. ಅವರಿಗೆ ಕಚೇರಿ ಇದೆ, ಗುಮಾಸ್ತರಿದ್ದಾರೆ, ಫೈಲಿದೆ. ಪ್ರಶ್ನೆ ಇರುವುದು ಸಿಂಧನೂರಿನ ರೈಸ್ ಮಿಲ್ಲುಗಳದ್ದು, ಟ್ರ್ಯಾಕ್ಟರ್ ಷೋರೂಮುಗಳ ಸರ್ವಿಸ್ ಶೆಡ್ಡುಗಳದ್ದು, ಮಸ್ಕಿಯ ಸಣ್ಣ ವರ್ಕ್‌ಶಾಪುಗಳದ್ದು. ಹುಡುಗರು ಹೆಚ್ಚಾಗಿ ಕಲಿಯುವುದು ಇಲ್ಲಿಯೇ.

ಯಾರು ತೆಗೆದುಕೊಳ್ಳಬಹುದು?

1992ರ ನಿಯಮಗಳಿಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮೂವತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ ಇಪ್ಪತ್ತೊಂಬತ್ತು ಜನರಿದ್ದರೆ ಮನಸ್ಸಿದ್ದರೆ ತೆಗೆದುಕೊಳ್ಳಬಹುದು. ಒಟ್ಟು ಜನಬಲದ ಶೇ. 2.5ಕ್ಕಿಂತ ಕಡಿಮೆ ಇರಬಾರದು, ಶೇ. 15ನ್ನು ಮೀರಬಾರದು. ನಲವತ್ತು ಜನರ ಒಂದು ರೈಸ್ ಮಿಲ್ಲು ಕನಿಷ್ಠ ಒಬ್ಬನನ್ನು, ಹೆಚ್ಚೆಂದರೆ ಆರು ಜನರನ್ನು ತೆಗೆದುಕೊಳ್ಳಬಹುದೆಂದಾಯಿತು. ಈ ಲೆಕ್ಕಕ್ಕೆ ಕಾಯಂ ನೌಕರರಷ್ಟೇ ಅಲ್ಲ, ಗುತ್ತಿಗೆ ಮೇಲೆ ಬಂದವರೂ ಸೇರುತ್ತಾರೆ. ರಿಜಿಸ್ಟರಿನಲ್ಲಿ ಎಂಟು ಹೆಸರು, ಅಂಗಳದಲ್ಲಿ ನಲವತ್ತು ತಲೆ ಎಂಬ ಪದ್ಧತಿಯವರು ಇದನ್ನು ಸ್ವಲ್ಪ ಗಮನಿಸುವುದು ಒಳ್ಳೆಯದು.

ಇನ್ನು ದುಡ್ಡಿನ ಮಾತು. 2019ರಲ್ಲಿ ಗೊತ್ತುಮಾಡಿದ ಕನಿಷ್ಠ ಸ್ಟೈಪೆಂಡು ಐದರಿಂದ ಒಂಬತ್ತನೇ ತರಗತಿವರೆಗೆ ಓದಿದವನಿಗೆ ತಿಂಗಳಿಗೆ 5,000 ರೂಪಾಯಿ, ಎಸ್ಸೆಸ್ಸೆಲ್ಸಿ ಪಾಸಾದವನಿಗೆ 6,000, ಪಿ.ಯು.ಸಿ. ಅಥವಾ ಐ.ಟಿ.ಐ. ಮುಗಿಸಿದವನಿಗೆ 7,000, ಡಿಪ್ಲೊಮಾದವನಿಗೆ 8,000, ಪದವೀಧರನಿಗೆ 9,000. ಎರಡನೇ ವರ್ಷ ಶೇ. 10, ಮೂರನೇ ವರ್ಷ ಶೇ. 15ರಷ್ಟು ಏರಿಕೆ. ಈ ದರಗಳನ್ನು ಶೇ. 36ರಷ್ಟು ಹೆಚ್ಚಿಸುವಂತೆ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿದೆಯಾದ್ದರಿಂದ ಕರಾರಿಗೆ ಸಹಿ ಹಾಕುವ ದಿನದ ದರ ಯಾವುದೆಂದು ನೋಡಿಕೊಂಡೇ ಮುಂದುವರಿಯಬೇಕು.

ಇದಿಷ್ಟೂ ಮಾಲೀಕನ ಗಲ್ಲಾಪೆಟ್ಟಿಗೆಯಿಂದಲೇ ಹೋಗಬೇಕೆಂದೇನಿಲ್ಲ. 2016ರ ಆಗಸ್ಟಿನಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಕನಿಷ್ಠ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರಕಾರ ಭರಿಸುವ ಏರ್ಪಾಡು ಮಾಡಲಾಯಿತು. ಎರಡನೇ ಹಂತದಲ್ಲಿ, 2023ರಿಂದ, ಈ ಹಣ ನೇರವಾಗಿ ಹುಡುಗನ ಬ್ಯಾಂಕ್ ಖಾತೆಗೇ ಬೀಳುವಂತಾಯಿತು. ಅಂದರೆ 6,000 ಸ್ಟೈಪೆಂಡಿನ ಎಸ್ಸೆಸ್ಸೆಲ್ಸಿ ಹುಡುಗನಿಗೆ ಮಾಲೀಕ ಕೊಡಬೇಕಾದದ್ದು 4,500. ಸುಗ್ಗಿಯಲ್ಲಿ ಒಬ್ಬ ಹೆಲ್ಪರ್‌ಗೆ ಎಷ್ಟು ಬೀಳುತ್ತದೆಂದು ಗ್ಯಾರೇಜಿನವರಿಗೆ ಗೊತ್ತೇ ಇದೆ.

ಮಾಲೀಕರ ಎರಡು ಹೆದರಿಕೆ

ಹಾಗಾದರೂ ಸಣ್ಣವರು ಈ ದಾರಿ ಹಿಡಿಯುವುದು ಅಪರೂಪ. ಯಾಕೆ? ಮೊದಲನೆಯ ಹೆದರಿಕೆ: "ಒಮ್ಮೆ ಕಾಗದದ ಮ್ಯಾಲೆ ಹೆಸರು ಬಂತಂದ್ರ ನಾಳೆ ಕಾಯಂ ಮಾಡ್ರಿ ಅಂತಾನ." ಈ ಹೆದರಿಕೆಗೆ ಬುಡವಿಲ್ಲ. ಕಾಯ್ದೆಯ ದೃಷ್ಟಿಯಲ್ಲಿ ಅಪ್ರೆಂಟಿಸ್ ಕಲಿಯುವವನು, ಕಾರ್ಮಿಕನಲ್ಲ. ಅವನಿಗೆ ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟಳೆ ಇಲ್ಲ, ಕರಾರಿನಲ್ಲಿ ಹಾಗೆಂದು ಬರೆದಿದ್ದರೆ ಮಾತು ಬೇರೆ. 1995ರಲ್ಲಿ ಉತ್ತರ ಪ್ರದೇಶದ ಸಾರಿಗೆ ನಿಗಮದ ಅಪ್ರೆಂಟಿಸ್‌ಗಳ ಸಂಘವೊಂದರ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿತ್ತು. ತರಬೇತಿ ಪಡೆದರೆಂಬ ಒಂದೇ ಕಾರಣಕ್ಕೆ ಕೆಲಸ ಕೊಡಿ ಎಂದು ಕೋರ್ಟು ಹೇಳಲಿಲ್ಲ. ಉಳಿದೆಲ್ಲ ಸಮನಾಗಿದ್ದರೆ ಹೊರಗಿನವನಿಗಿಂತ ತರಬೇತಾದವನಿಗೆ ಆದ್ಯತೆ ಇರಲಿ, ವಯಸ್ಸಿನ ಮಿತಿಯಲ್ಲಿ ತರಬೇತಿ ಕಾಲದಷ್ಟು ಸಡಿಲಿಕೆ ಇರಲಿ ಎಂದಿತು. ಕಾಗದ ಇದ್ದ ಹುಡುಗನಿಗೆ ಇಂಥ ಬಾಗಿಲು ತೆರೆಯುತ್ತದೆ. ಗ್ಯಾರೇಜಿನಲ್ಲಿ ಹತ್ತು ವರ್ಷ ಕಳೆದರೂ ಕಾಗದ ಇಲ್ಲದವನು ಹೊರಗೇ ನಿಲ್ಲಬೇಕು.

ನಿಜ ಹೇಳಬೇಕೆಂದರೆ ಮಾಲೀಕ ಹೆದರಬೇಕಾದದ್ದು ಕಾಗದ ಇಲ್ಲದ ಹುಡುಗನ ಬಗ್ಗೆ. ಕರಾರೇ ಇಲ್ಲದವನನ್ನು "ಇವ ಕಲಿಯಾಕ ಬಂದಾನ್ರಿ" ಅಂದರೆ ಕಾನೂನು ನಂಬುವುದಿಲ್ಲ, ಅವನು ಕಾರ್ಮಿಕನೇ. ಕನಿಷ್ಠ ವೇತನದ ಪ್ರಶ್ನೆ ಏಳುತ್ತದೆ, ಹಾಜರಿ ಪುಸ್ತಕದ ಪ್ರಶ್ನೆ ಏಳುತ್ತದೆ. ಬೆಲ್ಟಿಗೆ ಕೈ ಸಿಕ್ಕಿ ಬೆರಳು ಹೋದರೆ ಪರಿಹಾರ ಎರಡೂ ಕಡೆ ಕೊಡಬೇಕಾದದ್ದೇ, ಅಪ್ರೆಂಟಿಸ್‌ಗೂ ಅದು ಸಲ್ಲುತ್ತದೆ. ಆದರೆ ಕಾಗದ ಇಲ್ಲದ ಕಡೆ ಊರ ಹಿರಿಯರನ್ನು ಕೂಡಿಸಿ ಆಸ್ಪತ್ರೆ ಖರ್ಚಿಗಿಷ್ಟು ಕೊಟ್ಟು ಕೈ ತೊಳೆದುಕೊಳ್ಳುವುದು ನಡೆಯುತ್ತದೆ. ಹುಡುಗನ ಬೆರಳಂತೂ ಮರಳಿ ಬರುವುದಿಲ್ಲ.

ಎರಡನೆಯ ಹೆದರಿಕೆ ಸ್ವಲ್ಪ ಗಟ್ಟಿಯಾದದ್ದು: "ಕಲಿಸಿದ್ವಿ ಅಂದ್ರ ನಮ್ಮ ಎದುರಿಗೇ ಅಂಗಡಿ ಹಾಕ್ತಾನ." ಹೌದು, ಹಾಕುತ್ತಾನೆ. ಆದರೆ ಇವತ್ತು ದೊಡ್ಡ ಬೋರ್ಡು ಬರೆಸಿಕೊಂಡ ಮೇಸ್ತ್ರಿ ಒಂದು ಕಾಲಕ್ಕೆ ಯಾರ ಶೆಡ್ಡಿನಲ್ಲಿ ಪಾನಾ ಹಿಡಿದಿದ್ದ? ಅವನೂ ಯಾರದೋ ಎದುರಿಗೆ ಅಂಗಡಿ ಹಾಕಿದವನೇ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ಮೇಲೆ ಈ ಸೀಮೆಯಲ್ಲಿ ಭತ್ತ ಬೆಳೆಯಿತು, ಭತ್ತದ ಹಿಂದೆ ಮಿಲ್ಲು ಬಂದವು, ಟ್ರ್ಯಾಕ್ಟರ್ ಬಂದವು, ಕಟಾವಿನ ಯಂತ್ರ ಬಂದವು. ಕಟಾವಿನ ದಿನಗಳಲ್ಲಿ ಗದ್ದೆಯ ನಡುವೆ ಯಂತ್ರ ಕೆಟ್ಟು ನಿಂತರೆ ಮೆಕ್ಯಾನಿಕ್‌ಗಾಗಿ ಕಾಯುವ ರೈತನಿಗೆ ಗಂಟೆಗಂಟೆಗೂ ನಷ್ಟ, ಮೇಲಿಂದ ಮೋಡ ಕಂಡರಂತೂ ಕೇಳುವುದೇ ಬೇಡ. ಕೆಲಸ ಬಲ್ಲವರು ಊರಿಗೆ ನಾಲ್ಕು ಜನ ಹೆಚ್ಚಾದರೆ ಹಾಳಾಗುವ ವ್ಯಾಪಾರ ಇದಲ್ಲ. ಹೇಗೂ ಹುಡುಗ ಕಲಿತೇ ಕಲಿಯುತ್ತಾನೆ. ಅರ್ಧ ಕಲಿತು ಓಡಿಹೋಗುವವನಿಗಿಂತ ಕರಾರಿನ ಪ್ರಕಾರ ಪೂರಾ ಅವಧಿ ಇದ್ದು ಹೋಗುವವನು ಮಾಲೀಕನಿಗೇ ಲಾಭ.

ಕಲಿಸುವುದು ಹೇಗೆ?

ಎಷ್ಟೋ ಕಡೆ ಎಡವುವುದು ಇಲ್ಲಿ. ಚಹಾ ತಾ, ಗಾಡಿ ತೊಳಿ, ಸಾವುಕಾರರ ಮನೆಗೆ ಸಿಲಿಂಡರ್ ಮುಟ್ಟಿಸು, ಇದರಲ್ಲೇ ಮೊದಲ ವರ್ಷ ಮುಗಿಯುತ್ತದೆ. ತರಬೇತಿಗೆ ಸಂಬಂಧವಿಲ್ಲದ ಕೆಲಸ ಹಚ್ಚುವುದು ಕಾಯ್ದೆಯ ಪ್ರಕಾರವೇ ತಪ್ಪು. ನಗಕ್ಕಿಷ್ಟು ಎಂದು ಕೂಲಿ ಲೆಕ್ಕದಲ್ಲಿ ಕೊಡುವುದೂ ತಪ್ಪು. 2014ರ ತಿದ್ದುಪಡಿಯಲ್ಲಿ ಮಾಲೀಕರಿಗಿದ್ದ ಜೈಲು ಶಿಕ್ಷೆ ತೆಗೆದರು, ದಂಡ ಉಳಿಸಿದರು.

ಐ.ಟಿ.ಐ. ಮುಗಿಸಿದ ಹುಡುಗನಿಗೆ ಫೈಲು ಹಿಡಿಯುವುದು, ಅಳತೆ ನೋಡುವುದು ಬರುತ್ತದೆ, ಅವನನ್ನು ನೇರವಾಗಿ ಕೆಲಸದ ಮೇಲೆ ನಿಲ್ಲಿಸಬಹುದು. ಶಾಲೆಯಿಂದ ನೇರ ಬಂದವನಿಗೆ ಮೊದಲು ಮೂಲ ತರಬೇತಿ ಆಗಬೇಕು. ಸಣ್ಣ ಅಂಗಡಿಯಲ್ಲಿ ಇದಕ್ಕೆ ಅನುಕೂಲ ಇಲ್ಲದಿದ್ದರೆ ತರಬೇತಿ ಸಂಸ್ಥೆಗೆ ಕಳಿಸುವ ವ್ಯವಸ್ಥೆ ಇದೆ. ಆಮೇಲೆ ಒಬ್ಬ ಅನುಭವಿ ಮೇಸ್ತ್ರಿಯ ಕೈಗೆ ಒಪ್ಪಿಸಬೇಕು, ಹತ್ತು ಜನರ ಕೈಗಲ್ಲ. ಹತ್ತೂ ಜನ ಬೈಯುವಲ್ಲಿ ಕಲಿಸುವವರು ಯಾರೂ ಇರುವುದಿಲ್ಲ. ಸುಗ್ಗಿಯಲ್ಲಿ ಹುಡುಗ ನೋಡಿ ಕಲಿಯುತ್ತಾನೆ. ಕಾಲುವೆ ಬಂದಾಗಿ ಶೆಡ್ಡು ತಣ್ಣಗಿರುವ ಬೇಸಿಗೆಯಲ್ಲಿ ಹಳೆಯ ಗೇರ್‌ಬಾಕ್ಸ್ ಒಂದನ್ನು ಮುಂದಿಟ್ಟು ಬಿಚ್ಚಿಸಬೇಕು, ಜೋಡಿಸಬೇಕು, ತಪ್ಪಿದರೆ ಮತ್ತೆ ಬಿಚ್ಚಿಸಬೇಕು. ಆ ದಿನ ಏನು ಮಾಡಿದ ಎಂದು ಅವನ ಕೈಯಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸಬೇಕು. ವೆಲ್ಡಿಂಗ್ ಹಿಡಿಯುವ ಮುನ್ನ ಕಣ್ಣಿಗೆ ಗ್ಲಾಸು. ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟಿನ ಹತ್ತಿರ ಸಡಿಲ ಅಂಗಿ, ಕೊರಳಿಗೆ ಟವೆಲ್ಲು ಬೇಡವೇ ಬೇಡ.

ವಯಸ್ಸಿನ ಮಾತು ಬಿಡುವಂತಿಲ್ಲ. ಅಪ್ರೆಂಟಿಸ್ ಆಗಲು ಹದಿನಾಲ್ಕು ತುಂಬಿರಬೇಕು, ಅಪಾಯದ ಉದ್ದಿಮೆಗಳಲ್ಲಿ ಹದಿನೆಂಟು. ಹದಿನಾಲ್ಕರ ಒಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದು ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಗಿದೆ. ಹನ್ನೆರಡರ ಹುಡುಗನ ಕೈಗೆ ಗ್ರೀಸ್ ಡಬ್ಬಿ ಕೊಟ್ಟು ಅಪ್ರೆಂಟಿಸ್ ಎಂದರೆ ಯಾವ ಕಾಗದವೂ ರಕ್ಷಣೆಗೆ ಬಾರದು. ಅವನ ಜಾಗ ಶಾಲೆ.

ಕಾಗದಪತ್ರದ ಕೆಲಸ ಈಗ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್ ಮೂಲಕ ಆಗುತ್ತದೆ. ಮಾಲೀಕ ಅಲ್ಲಿ ತನ್ನ ಸಂಸ್ಥೆಯನ್ನು ನೋಂದಾಯಿಸಿ, ಯಾವ ಕಸುಬಿಗೆ ಎಷ್ಟು ಜನ ಬೇಕೆಂದು ಹಾಕಬೇಕು. ಹುಡುಗನೂ ಹೆಸರು ಹಚ್ಚಬೇಕು. ಇಬ್ಬರ ನಡುವೆ ಕರಾರು ಆಗಿ ಅದು ನೋಂದಣಿಯಾಗಬೇಕು. ಹುಡುಗ ಅಪ್ರಾಪ್ತನಾಗಿದ್ದರೆ ತಂದೆಯೋ ಪೋಷಕರೋ ಒಪ್ಪಬೇಕು. ಅವಧಿ ಕಸುಬಿನ ಮೇಲೆ ಹೋಗುತ್ತದೆ, ಆರು ತಿಂಗಳಿಂದ ಮೂರು ವರ್ಷದವರೆಗೆ. ಪಟ್ಟಿಯಲ್ಲಿರುವ ಎಲೆಕ್ಟ್ರಿಷಿಯನ್, ಫಿಟ್ಟರ್, ವೆಲ್ಡರ್, ಡೀಸೆಲ್ ಮೆಕ್ಯಾನಿಕ್‌ಗಳಷ್ಟೇ ಅಲ್ಲದೆ, ಮಾಲೀಕರೇ ರೂಪಿಸುವ ಐಚ್ಛಿಕ ಕಸುಬುಗಳಿಗೂ 2014ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಕೊನೆಗೆ ಪರೀಕ್ಷೆ, ಪಾಸಾದವನಿಗೆ ಪ್ರಮಾಣಪತ್ರ.

ಹೇಳಲು ಸುಲಭ. ಬೆಳಿಗ್ಗೆಯಿಂದ ಸಂಜೆತನಕ ಡೀಸೆಲ್ಲಿನಲ್ಲಿ ಕೈ ಅದ್ದಿದ ಮೇಸ್ತ್ರಿಗೆ ಕಂಪ್ಯೂಟರ್ ಮುಂದೆ ಕೂಡಲು ಪುರಸೊತ್ತೆಲ್ಲಿ? ಸಂಬಂಧಪಟ್ಟ ಅಧಿಕಾರಿಗಳು ರಾಯಚೂರಿನಲ್ಲಿ ಕುಳಿತು ಸುತ್ತೋಲೆ ಕಳಿಸಿದರೆ ಅದು ಗ್ಯಾರೇಜಿನ ಬಾಗಿಲಿಗೆ ಮುಟ್ಟುವುದಿಲ್ಲ. ವರ್ಷಕ್ಕೆ ಎರಡು ದಿನ ಸಿಂಧನೂರಿನ ಎ.ಪಿ.ಎಂ.ಸಿ. ಅಂಗಳದಲ್ಲೋ ಲಿಂಗಸುಗೂರಿನ ಬಸ್ ಸ್ಟ್ಯಾಂಡ್ ಬದಿಯಲ್ಲೋ ಒಂದು ಟೇಬಲ್ಲು ಹಾಕಿ, ಐ.ಟಿ.ಐ.ಯ ಇಬ್ಬರು ಬೋಧಕರನ್ನು ಕೂಡಿಸಿ, ಸ್ಥಳದಲ್ಲೇ ನೋಂದಣಿ ಮಾಡಿಸಲು ಏನು ಅಡ್ಡಿ? ಮಿಲ್ಲಿನವರು, ಟ್ರ್ಯಾಕ್ಟರ್ ಡೀಲರುಗಳು ಸೇರಿ ಈ ಒತ್ತಾಯ ಮುಂದಿಟ್ಟರೆ ಇಲ್ಲವೆನ್ನುವುದು ಕಷ್ಟ.

ಅಲ್ಲಿಯವರೆಗೆ ಮಗನ ಕೈ ಹಿಡಿದುಕೊಂಡು ಗ್ಯಾರೇಜಿಗೆ ಬರುವ ತಂದೆ "ನಿಮ್ಮ ಮಗಾ ಅಂತ ತಿಳ್ಕೊಂಡು ಕಲಸ್ರಿ ಸಾವುಕಾರ್ರ" ಎಂದು ಕೈ ಮುಗಿದು ಹೋಗಿಬಿಡುವ ಬದಲು ಇನ್ನು ಮೂರು ಮಾತು ಕೇಳಬೇಕು. ಕರಾರು ಯಾವಾಗ ಮಾಡ್ತೀರಿ? ಸ್ಟೈಪೆಂಡು ಯಾವ ಬ್ಯಾಂಕ್ ಖಾತೆಗೆ ಹಾಕ್ತೀರಿ? ಪರೀಕ್ಷೆಗೆ ಯಾವ ತಿಂಗಳು ಕಳಸ್ತೀರಿ?